ಬೆಸುಗೆಯ ಒಳಮೈ

ಗುಂಡ್ಲುಪೇಟೆಗೆ ಯಾಕೆ ಹೋಗಬೇಕು ಎಂದು ಹೆಂಡತಿ ಸುಧಾಮಣಿ ಕೇಳಿದಾಗ, ಅಲ್ಯೂಮಿನಿಯಮ್ ಕುಯ್ಯುವ ಬ್ಲೇಡು ಚಾಮರಾಜನಗರದಲ್ಲಿ ಸಿಗುವುದಿಲ್ಲ ಎಂದು ಪುಟ್ಟರಾಜು ಹೇಳಿದ. ಸಿಗುತ್ತಿತ್ತು. ಅವನ ಗ್ಯಾರೇಜಿನಿಂದ ನಾಲ್ಕು ಅಂಗಡಿ ಆಚೆಗೇ ಸಿಗುತ್ತಿತ್ತು. ಆದರೆ ಆ ಅಂಗಡಿಯವನು ಇಪ್ಪತ್ತು ವರ್ಷದ ಪರಿಚಯದವನು. ಯಾರ ಗಾಡಿ, ಏನಾಗಿದೆ, ಎಲ್ಲಿ ಕುಯ್ಯಬೇಕು ಎಂದು ಕೇಳದೆ ಒಂದು ಮೊಳೆಯನ್ನೂ ಕೊಡುವವನಲ್ಲ. ಸುಧಾಮಣಿ ಉಪ್ಪಿಟ್ಟಿನ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿ, “ನಿದ್ದೆಲಿ ಹಲ್ಲು ಕಡೀತಿದ್ದೀರಿ. ಒಂದ್ ವಾರದಿಂದ ಕೇಳುಸ್ಕತಾ ಇವ್ನಿ. ಹೊಟ್ಟೆಲಿ ಹುಳ ಆಗಿರ್ಬೇಕು, ಬರುವಾಗ ಔಸ್ದಿ ತಕಬನ್ನಿ” ಎಂದಳು. ಅವನು ಆಗಲಿ ಎಂದ. ಹುಳುವಿನ ಮೇಲೆ ಹೊರಿಸಬಹುದಾದಷ್ಟನ್ನು ಹೊರಿಸುವುದರಲ್ಲಿ ಅವನಿಗೆ ಅಭ್ಯಂತರವಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹರವೆ ಬಂದಾಗ ಅವನು ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ಎದುರಿನ ಸೀಟಿನ ಹಿಂಬದಿಗೆ ಅಂಟಿಸಿದ್ದ ಕೋಚಿಂಗ್ ಕ್ಲಾಸಿನ ಜಾಹೀರಾತನ್ನು ಎರಡು ಸಲ ಓದಿದ. ಹರವೆಯಲ್ಲಿ ಸೋಮಯ್ಯನ ಮನೆಯಿತ್ತು. ಊರು ದಾಟಿ ತೆರಕಣಾಂಬಿಯ ಕಡೆಗೆ ಮೂರು ಕಿಲೋಮೀಟರು ಹೋದರೆ ಎಡಕ್ಕೆ ಒಂದು ಹುಣಸೆಮರ, ಅದರ ಬುಡದಲ್ಲಿ ಆಳೆತ್ತರಕ್ಕೆ ತೊಗಟೆ ಎದ್ದು ಬಿಳುಪು ಕಾಣುತ್ತಿತ್ತು. ಆರು ವಾರದ ಹಿಂದೆ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಭೀಮನಬೀಡಿನ ದೊಡ್ಡಮಲ್ಲಪ್ಪನವರ ಕಾರನ್ನು ಡ್ರೈವರ್ ಸೋಮಯ್ಯ ಆ ಮರಕ್ಕೆ ಗುದ್ದಿದ್ದ. ಕಾರಿನಲ್ಲಿ ಅವನೊಬ್ಬನೇ ಇದ್ದ. ಎಡಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿಯಿತು. ಪುಟ್ಟರಾಜು ಫೋನು ಬಂದು ಅಲ್ಲಿಗೆ ತಲುಪಿದಾಗ ಸೋಮಯ್ಯನನ್ನು ಯಾರೋ ಟೊಮೇಟೊ ಸಾಗಿಸುವ ಗೂಡ್ಸ್ ಆಟೋದಲ್ಲಿ ಮಲಗಿಸಿದ್ದರು. ಅವನು ತಲೆ ಎತ್ತಲು ಹೆಣಗುತ್ತ ಹೇಳುತ್ತಿದ್ದ: “ಗಾಡಿನೇ ಎಳ್ಕಂಡೋಯ್ತು ಯಜಮಾನ್ರೇ. ಸ್ಟೇರಿಂಗು ನನ್ ಮಾತ ಕೇಳ್ನಿಲ್ಲ.” ದೊಡ್ಡಮಲ್ಲಪ್ಪನವರು ಪಂಚೆಯ ತುದಿ ಹಿಡಿದುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದು, ಪುಟ್ಟರಾಜುವಿನ ಮುಂದೆ ನಿಂತು, “ಉಂಡು ನಿದ್ದ ಹೊಡುದ್ಬುಟ್ಟವ್ನೆ. ಅಲ್ವೇನ್ಲಾ ಪುಟ್ರಾಜು?” ಎಂದರು. ಮೆಕ್ಯಾನಿಕ್ ಏನು ಹೇಳುತ್ತಾನೆಂದು ಅಲ್ಲಿದ್ದ ಎಂಟು ಹತ್ತು ಜನರೂ ನೋಡಿದರು. ಪುಟ್ಟರಾಜು, “ಇರ್ಬೋದು” ಎಂದ. ಅಷ್ಟೇ. ಆಮೇಲೆ ಆ ಮಾತನ್ನು ಅವನು ಮತ್ತೆ ಹೇಳಬೇಕಾಗಿ ಬರಲೇ ಇಲ್ಲ; ಅದು ತಾನಾಗಿಯೇ ಊರೂರು ಓಡಾಡಿತು.

ಕಾರು ಈಗ ಅವನ ಗ್ಯಾರೇಜಿನಲ್ಲಿ ಜಾಕಿನ ಮೇಲೆ ನಿಂತಿತ್ತು. ಮುಂದಿನ ಎರಡೂ ಚಕ್ರಗಳನ್ನು ಹೊತ್ತುಕೊಳ್ಳುವ ಅಲ್ಯೂಮಿನಿಯಮ್ ಚೌಕಟ್ಟು, ಗ್ಯಾರೇಜಿನವರ ಬಾಯಲ್ಲಿ ಸಬ್‌ಫ್ರೇಮು, ಮಡಚಿಕೊಂಡು ಕಾರಿನ ಮೈಗೆ ಕಚ್ಚಿ ಕುಳಿತಿತ್ತು. ಮೈಸೂರಿನಿಂದ ಹೊಸದು ಬಂದಿತ್ತು, ಆದರೆ ಹಳೆಯದರ ಬೋಲ್ಟುಗಳು ತಿರುಗುತ್ತಿರಲಿಲ್ಲ. ಕುಯ್ದೇ ತೆಗೆಯಬೇಕು. ಕುಯ್ಯಲು ಕೈ ಹೋಗುವ ಜಾಗ ಒಂದೇ, ಅದು ಎಡಚಕ್ರದ ತೋಳು ಬಂದು ಕೂಡುವ ಮೂಲೆ. ಆ ಮೂಲೆಯಲ್ಲಿ ಒಂದು ಬೆಸುಗೆಯಿತ್ತು. ಅದನ್ನು ಹಾಕಿದವನು ಪುಟ್ಟರಾಜುವೇ.

ಅದಕ್ಕೆ ಎಂಟು ತಿಂಗಳಾಗಿತ್ತು. ಕಾರು ಕ್ವಾರಿ ರಸ್ತೆಯ ಗುಂಡಿಗೆ ಬಿದ್ದು ಫ್ರೇಮು ಬಿರುಕುಬಿಟ್ಟಿತ್ತು. ಇದನ್ನು ಬೆಸೆಯಬಾರದು, ಹೊಸದೇ ಹಾಕಬೇಕು, ಮೂರು ವಾರವಾಗುತ್ತದೆ ಎಂದು ಅವನು ಹೇಳಿದ್ದ, ಹೇಳಿದ್ದಂತೂ ನಿಜ. “ನಾಳಿದ್ದು ಮಗಳು ಮಧುಶ್ರೀದು ನಿಶ್ಚಿತಾರ್ಥ ಕಣ್ಲಾ. ಮೂರ್ ವಾರ ಕಾರಿಲ್ದೆ ನೆಂಟ್ರ ಮುಂದ ಆಟೋದಲ್ಲಿ ಓಗ್ಲಾ? ನೀನು ನಮ್ಮೋನು ಅಂತ ನಿನ್ ಕೈಗ ಕೊಟ್ಟಿರದು. ಬೆಸುದು ಕೊಟ್ಬುಡು” ಎಂದಿದ್ದರು ದೊಡ್ಡಮಲ್ಲಪ್ಪನವರು. ನಮ್ಮೋನು ಎಂಬ ಮಾತು ಕೇಳಿದರೆ ಪುಟ್ಟರಾಜುವಿಗೆ ಕಿವಿಯ ಹಿಂದೆ ಬೆಚ್ಚಗಾಗುತ್ತಿತ್ತು. ಅಲ್ಯೂಮಿನಿಯಮ್ಮನ್ನು ಅದಕ್ಕೇ ಮೀಸಲಾದ ತಂತಿಬ್ರಷ್ಷಿನಿಂದ ಉಜ್ಜಬೇಕು. ಆ ಬ್ರಷ್ಷು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಎರಡು ಹೆಜ್ಜೆ ದೂರದಲ್ಲಿ. ಕೈಯಲ್ಲಿದ್ದದ್ದು ಬೆಳಿಗ್ಗೆ ತುಕ್ಕು ಹಿಡಿದ ಬಾಗಿಲನ್ನು ಉಜ್ಜಿದ ಬ್ರಷ್ಷು. ಅದರಲ್ಲೇ ಉಜ್ಜಿದ. ಬೆಸೆಯುವಾಗ ಕರಗಿದ ಲೋಹದಲ್ಲಿ ಕಪ್ಪು ನೊರೆ ಎದ್ದು ಬಂತು. ಕನ್ನಡಕದೊಳಗಿಂದ ಅದನ್ನು ನೋಡಿದ. ನೋಡಿ, ಇನ್ನೊಂದಿಷ್ಟು ಲೋಹವನ್ನು ಅದರ ಮೇಲೆ ಹಾಕಿ ಮುಚ್ಚಿದ. ಆಮೇಲೆ ನುಣ್ಣಗೆ ತಿಕ್ಕಿ, ಬಣ್ಣ ಹೊಡೆದು, ಫೋಟೋ ತೆಗೆದು ದೊಡ್ಡಮಲ್ಲಪ್ಪನವರಿಗೆ ಕಳಿಸಿದ. ಅವರು ಎರಡು ಮುಗಿದ ಕೈಗಳ ಚಿತ್ರ ಕಳಿಸಿದರು.

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಶಂಕರ್ ಟೂಲ್ಸ್ ಅಂಗಡಿಯಲ್ಲಿ ಶಂಕರ್ ಇರಲಿಲ್ಲ. ಅವನ ತಂಗಿ ಅನು ಕೌಂಟರಿನಲ್ಲಿದ್ದಳು. ಇಪ್ಪತ್ತೈದರ ಹುಡುಗಿ, ಬೆರಳುಗಳ ತುದಿ ಗ್ರೀಸಿನಿಂದ ಕಪ್ಪಗಿದ್ದವು. ಅವಳ ಪಕ್ಕದಲ್ಲಿ ಗಡಿಯಾಚೆಯಿಂದ ಬಂದ ಮಲಯಾಳಿ ಮೆಕ್ಯಾನಿಕ್ ಒಬ್ಬ ಸ್ಪ್ಯಾನರುಗಳನ್ನು ಆರಿಸುತ್ತಿದ್ದ. ಅಲ್ಯೂಮಿನಿಯಮ್ ಕುಯ್ಯಬೇಕು ಎಂದ ಪುಟ್ಟರಾಜು. ತಗಡೋ ಪೈಪೋ ಎಂದಳು ಅನು. ಕಾರಿನದು, ಬೆಸೆದಿರುವುದು, ಬೆರಳಷ್ಟು ದಪ್ಪ ಎಂದ. ಅವಳು ಮೊದಲು ಗ್ರೈಂಡರಿಗೆ ಹಾಕಿ ಕುಯ್ಯುವ ಒಂದು ಡಿಸ್ಕು ತೆಗೆದಿಟ್ಟಳು.

“ಕಬ್ಬಿಣದ ಡಿಸ್ಕ್ ಮಾತ್ರ ಹಾಕ್ಬ್ಯಾಡಿ ಸಾರ್. ಅಲ್ಯೂಮಿನಿಯಮ್ಮು ಮೆತ್ಗ ಅಲ್ವಾ, ಡಿಸ್ಕ್‌ಗೆ ಮೆತ್ಕತದ. ಬಿಸಿಯಾಗಿ ಸಿಡುದ್ರ ಮುಖನೇ ಇರಲ್ಲ. ಇದು ಅಲ್ಯೂಮಿನಿಯಮ್‌ಗೇ ಮಾಡಿರದು.”

ಅವನಿಗೆ ಅದೆಲ್ಲ ಅವಳು ಹುಟ್ಟುವ ಮುಂಚೆಯೇ ಗೊತ್ತಿತ್ತು. ಆದರೂ ಗೊತ್ತಿಲ್ಲದವನಂತೆ ತಲೆಯಾಡಿಸಿದ. ಅವಳು ಎರಡನೆಯದಾಗಿ ಬ್ಲೇಡು ಮುಂದಕ್ಕೂ ಹಿಂದಕ್ಕೂ ಓಡುವ ಕೈಗರಗಸದ ಮೆಷಿನ್ನನ್ನು ಎತ್ತಿಟ್ಟು, ಬ್ಲೇಡಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದಳು. “ಇದ್ರಲ್ಲಿ ಹಲ್ಲು ದೊಡ್ಡದಿರ್ಬೇಕು, ಸಣ್ಣ ಹಲ್ಲಿಗೆ ಪುಡಿ ಕಚ್ಕತದ. ಮ್ಯಾಣದ ಬತ್ತಿ ಉಜ್ಕಂಡು ನಿಧಾನಕ್ಕ ಬುಡಿ. ಲೇಟಾಯ್ತದ, ಆದ್ರ ಕುಯ್ದ ಮುಖ ಚೆನ್ನಾಗಿರ್ತದ. ಡಿಸ್ಕ್ ಆದ್ರ ಬೇಗ ಆಯ್ತದ, ಮುಖ ಕರಗಿ ಬಳುದಂಗ್ ಆಗ್ಬುಡ್ತದ. ನಿಮ್ಗ ಕುಯ್ದ ಮ್ಯಾಲ ಒಳಗ ಏನಾರ ನೋಡ್ಬೇಕಾ, ಇಲ್ಲ ಎಸ್ಯದಾ?”

ಇಪ್ಪತ್ತೇಳು ವರ್ಷದ ಕಸುಬಿನಲ್ಲಿ ಯಾರೂ ಅವನಿಗೆ ಈ ಪ್ರಶ್ನೆಯನ್ನು ಹಾಕಿರಲಿಲ್ಲ. ವಾರದಿಂದ ಅವನು ಅದನ್ನೇ ಯೋಚಿಸುತ್ತಿದ್ದ, ಆದರೆ ಇಷ್ಟು ಸಲೀಸಾದ ಮಾತಿನಲ್ಲಿ ಅಲ್ಲ. ಬೆಸುಗೆಯ ಮೇಲೇ ಡಿಸ್ಕು ಓಡಿಸಿದರೆ ಇಡೀ ಬೆಸುಗೆ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಸಂಜೆ ಗುಡಿಸಿ ಹಾಕಿದರೆ ಆಯಿತು. ಗರಗಸವಾದರೆ ಬೆಸುಗೆಯ ಎರಡೂ ಪಕ್ಕ ಎರಡೆರಡು ಬೆರಳು ಬಿಟ್ಟು ಕುಯ್ದು ಗಡ್ಡೆಯನ್ನು ಇಡಿಯಾಗಿ ತೆಗೆಯಬಹುದು. ಆಮೇಲೆ ಅದನ್ನು ಸೀಳಿ ನೋಡಬಹುದು. ಮರಕ್ಕೆ ಗುದ್ದಿದಾಗ ಮುರಿದಿದ್ದರೆ ಒಳಮೈ ಬೆಳ್ಳಗೆ ಹೊಳೆಯುತ್ತದೆ. ಗುದ್ದುವ ಮೊದಲೇ, ತಿಂಗಳುಗಟ್ಟಲೆ ಒಳಗೇ ಬಿರಿಯುತ್ತ ಬಂದಿದ್ದರೆ ಎಣ್ಣೆ ಧೂಳು ಕುಡಿದು ಕಪ್ಪಗಿರುತ್ತದೆ. ಹಾಗಿದ್ದರೆ ಸೋಮಯ್ಯ ಮರಕ್ಕೆ ಗುದ್ದಲಿಲ್ಲ; ಚಕ್ರ ಅವನನ್ನು ಮರಕ್ಕೆ ಎಳೆದುಕೊಂಡು ಹೋಯಿತು.

“ಫೋಟೋ ಇದ್ರ ತೋರ್ಸಿ” ಎಂದಳು ಅನು. ಮರಕ್ಕೆ ಗುದ್ದಿದ ಮೇಲೆ ತೆಗೆದಿದ್ದ ಫೋಟೋ ತೆರೆದು ಅವನು ಫೋನು ಕೊಟ್ಟ. ಮಲಯಾಳಿ ಮೆಕ್ಯಾನಿಕ್ ಕೇಳದೆಯೇ ಬಗ್ಗಿ ನೋಡಿದ. ಬಣ್ಣ ಎದ್ದು ಹೋದ ಕಡೆ ಬೆಸುಗೆ ಇರುವೆ ತಿಂದ ಬೆಲ್ಲದ ಹಾಗಿತ್ತು.

“ಇದು ಯಾರು ಚೇಟ್ಟಾ ವೆಲ್ಡ್ ಮಾಡಿದ್ದು?” ಎಂದ ಮೆಕ್ಯಾನಿಕ್. “ಸಬ್‌ಫ್ರೇಮ್ ಯಾರಾದ್ರೂ ವೆಲ್ಡ್ ಮಾಡ್ತಾರಾ? ಇವನು ಜನ ಕೊಲ್ಲುವ ಆಳು.”

“ಯಾವನೋ” ಎಂದ ಪುಟ್ಟರಾಜು.

“ಬ್ರಷ್ಷು ಕೂಡ ಸರಿಯಾಗಿ ಹೊಡೆದಿಲ್ಲ.”

“ಹೌದು, ಹೊಡ್ದಿಲ್ಲ” ಎಂದ ಪುಟ್ಟರಾಜು. ಒಂದು ಕ್ಷಣ ಮೂವರೂ ಆ ಅಪರಿಚಿತನ ಬಗ್ಗೆ ಒಟ್ಟಿಗೆ ತಲೆಯಾಡಿಸಿದರು. ಅವನಿಗೆ ಅದರಲ್ಲಿ ವಿಚಿತ್ರವಾದ ಹಿತವಿತ್ತು. ಸಾಲದು ಎಂಬಂತೆ, “ಇಂಥೋರ್ಗ ಕೆಲ್ಸ ಕೊಡೋರ್ಗ ಬುದ್ಧಿ ಇಲ್ಲ” ಎಂದೂ ಸೇರಿಸಿದ. ಅನು ಮಾತ್ರ ಫೋಟೋದಿಂದ ಕಣ್ಣೆತ್ತಿ ಅವನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು ಅನ್ನಿಸಿತು. “ಯಾವ್ದು ಕೊಡ್ಲಿ ಸಾರ್?” ಎಂದಳು. ಅವನು ಎರಡನ್ನೂ ಕೊಡಲು ಹೇಳಿದ.

ವಾಪಸು ಬರುವಾಗ ಬಸ್ಸು ಹರವೆಯಲ್ಲಿ ನಿಂತಿತು. ಯಾರೂ ಹತ್ತಲಿಲ್ಲ, ಇಳಿಯಲೂ ಇಲ್ಲ, ಕಂಡಕ್ಟರು ವಿಸಿಲಿಗೆ ಬಾಯಿ ಹಾಕಿದ್ದ. ಪುಟ್ಟರಾಜು ಎದ್ದು, ಮೆಷಿನ್ನಿನ ಚೀಲವನ್ನು ಎರಡು ಸೀಟುಗಳಿಗೆ ತಗುಲಿಸಿ ಬೈಸಿಕೊಂಡು, ಇಳಿದ. ಇಳಿದ ಮೇಲೆ ಯಾಕೆ ಇಳಿದೆ ಎಂದು ಯೋಚಿಸುತ್ತ ನಿಂತ. ಸೋಮಯ್ಯನ ಮನೆಯನ್ನು ಕೇಳಬೇಕಾಗಲಿಲ್ಲ. ಬೀದಿಯ ತುದಿಯಲ್ಲಿ, ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದ. ಕಾಲಿನ ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. “ಬನ್ನಿ ಪುಟ್ರಾಜಣ್ಣ” ಎಂದ, ದಿನಾ ಬರುವವನನ್ನು ಕರೆದ ಹಾಗೆ. ಹೆಂಡತಿ ಸುಂದ್ರಮ್ಮ ಒಳಗಿನಿಂದ ಇನ್ನೊಂದು ಕುರ್ಚಿ ತಂದು, ಸೆರಗಿನಿಂದ ಒರೆಸಿ, ಇಟ್ಟಳು. ನೀರು ತರಲೇ ಬೇಡವೇ ಎಂದು ಒಂದು ಗಳಿಗೆ ನಿಂತಳು. ಪುಟ್ಟರಾಜು ಅದನ್ನು ಗಮನಿಸಿ, “ನೀರ್ ಕೊಡವ್ವ” ಎಂದ. ಅವಳು ತಂದಳು. ಕುಡಿದ. ನೀರು ಕುಡಿದದ್ದರಿಂದ ತಾನು ಒಳ್ಳೆಯವನಾದೆ ಎಂಬಂತೆ ಮನಸ್ಸು ಹಗುರಾಗತೊಡಗಿದ್ದನ್ನು ಕಂಡು ಅವನಿಗೆ ನಾಚಿಕೆಯಾಯಿತು.

“ಬ್ಯಾರೆ ಕಡೆ ಡ್ರೈವರ್ ಕೆಲ್ಸಕ್ಕ ಕೇಳ್ಸಿದ್ದೆ” ಎಂದ ಸೋಮಯ್ಯ. “ಚಂದಕವಾಡಿಲಿ ಒಬ್ರು ಟೆಂಪೋ ಮಡ್ಗವ್ರೆ. ಕಾಲು ವಾಸಿಯಾಗ್ಲಿ ಅಂದ್ರು. ಆಮ್ಯಾಲ ಯಾರೋ ಏಳವ್ರೆ, ನಿದ್ದ ಹೊಡಿಯ ಡ್ರೈವರು ಅಂತ. ಈಗ ಫೋನೇ ಎತ್ತಲ್ಲ.”

ಪುಟ್ಟರಾಜು ಚೀಲವನ್ನು ಕಾಲಿನ ಹಿಂದಕ್ಕೆ ಸರಿಸಿಕೊಂಡ. “ನೀನು ಎಳ್ಕಂಡೋಯ್ತು ಅಂದಿದ್ದಲ್ಲ ಅವತ್ತು.”

“ಅಂದಿದ್ದೆ. ಮೊದಮೊದ್ಲು ಹಂಗೇ ಗ್ಯಾನ ಇತ್ತು. ಈಗ ನಂಗೂ ಗೊತ್ತಾಗ್ತಿಲ್ಲ ಕಣಣ್ಣ. ಎಲ್ರೂ ಅಂತಾರಲ್ಲ, ಇರ್ಬೋದು. ಅವತ್ತು ಉಂಡಿದ್ದೆ. ಬಿಸ್ಲು ಬ್ಯಾರೆ ಇತ್ತು. ಒಂದ್ ಚಣ ಕಣ್ಣು ಮುಚ್ಕಂಡಿದ್ರೂ ಮುಚ್ಕಂಡಿರ್ಬೋದು.” ಸೋಮಯ್ಯ ಬೇರೆ ಯಾರದೋ ವಿಷಯ ಹೇಳುವವನಂತೆ ನಿಧಾನವಾಗಿ ಹೇಳಿದ. “ಈಗ ಹಗಲೊತ್ತು ಮನಿಕಳಾಕ ಭಯ ಆಯ್ತದ. ಕಣ್ಣ ಎಳುದ್ರ ಎದ್ದು ಕೂತ್ಕತೀನಿ. ಮಗಳು ಮೀನಾ ನಗಾಡ್ತಾಳೆ.” ಆಮೇಲೆ ಕೇಳಿದ: “ಗಾಡಿಲಿ ಏನೂ ಮುರ್ದಿರ್ನಿಲ್ವಾ ಅಣ್ಣ? ನೀವು ನೋಡಿದ್ರಲ್ಲ.”

“ಇನ್ನೂ ಕುಯ್ದಿಲ್ಲ” ಎಂದ ಪುಟ್ಟರಾಜು.

ಆ ಉತ್ತರ ಸೋಮಯ್ಯನಿಗೆ ಸಾಕಾದಂತೆ ಕಂಡಿತು. ಪುಟ್ಟರಾಜುವಿಗೆ ಸಾಕಾಗಲಿಲ್ಲ. ಸುಳ್ಳು ಹೇಳಿಸಿಕೊಂಡವನು ಆ ಸುಳ್ಳನ್ನು ನಂಬದೆ ಇದ್ದಿದ್ದರೆ, ಬೈದಿದ್ದರೆ, ಪುಟ್ಟರಾಜು ಇನ್ನೂ ಹತ್ತು ವರ್ಷ ಬಾಯಿ ಬಿಡದೆ ಇದ್ದುಬಿಡುತ್ತಿದ್ದ. ಆದರೆ ಈ ಮನುಷ್ಯ ತನ್ನ ಕಣ್ಣು ಕಂಡದ್ದನ್ನು ಬಿಟ್ಟು ಪುಟ್ಟರಾಜುವಿನ ಒಂದು ‘ಇರ್ಬೋದು’ವನ್ನು ನಂಬಿದ್ದ. ಈಗ ಅದೇ ಮಾತನ್ನು ತನ್ನ ಬಾಯಿಂದಲೇ ಹೇಳುತ್ತಿದ್ದ.

ಗ್ಯಾರೇಜಿಗೆ ಬಂದಾಗ ಎರಡು ಗಂಟೆ. ದೊಡ್ಡಮಲ್ಲಪ್ಪನವರ ಫೋನು ಎರಡು ಸಲ ಬಂದಿತ್ತು, ಮೂರನೆಯ ಸಲ ಎತ್ತಿದ. “ಇನ್ನೂ ಕೂತಿದ್ದೀಯಲ್ಲೋ ಅದ್ರ ಮುಂದ. ಗ್ರೈಂಡರ್ ಹಾಕಿ ತಗುದ್ಬುಡು ಅತ್ಲಾಗಿ” ಎಂದರು. ತೆಗೆಯುತ್ತೇನೆ ಎಂದ. ಇಟ್ಟ ಮೇಲೆ ಗ್ರೈಂಡರಿಗೆ ಹೊಸ ಡಿಸ್ಕನ್ನು ಹಾಕಿ, ನಟ್ಟು ಬಿಗಿದು, ಕಾರಿನಡಿಗೆ ತೂರಿ ಮಲಗಿದ. ಡಿಸ್ಕನ್ನು ಬೆಸುಗೆಯ ಹತ್ತಿರ ಹಿಡಿದ. ಸ್ವಿಚ್ಚು ಒತ್ತಲಿಲ್ಲ. ಹಾಗೆ ಎಷ್ಟು ಹೊತ್ತು ಮಲಗಿದ್ದನೋ, ಕುತ್ತಿಗೆ ಹಿಡಿದುಕೊಂಡಿತು. ಹೊರಗೆ ಬಂದು, ಗ್ರೈಂಡರನ್ನು ಕೆಳಗಿಟ್ಟು, ಸುಧಾಮಣಿಗೆ ಫೋನು ಮಾಡಿ ಮನೆಯಲ್ಲಿ ಮೇಣದ ಬತ್ತಿ ಇದೆಯೇ ಎಂದು ಕೇಳಿದ. “ಕರೆಂಟ್ ಇದ್ದದಲ್ಲ” ಎಂದಳು ಅವಳು. ಎದುರಿನ ಅಂಗಡಿಯಿಂದ ಒಂದು ತಂದ.

ಬ್ಲೇಡಿಗೆ ಮೇಣ ಉಜ್ಜಿ ಗರಗಸವನ್ನು ಹಚ್ಚಿದಾಗ ಅಲ್ಯೂಮಿನಿಯಮ್ ಅರಚಲಿಲ್ಲ. ಬೂದುಗುಂಬಳ ಕುಯ್ದ ಹಾಗೆ ಮೆತ್ತಗೆ ಬಿಟ್ಟುಕೊಟ್ಟಿತು. ಬಿಳಿಯ ಸಣ್ಣ ಎಳೆಗಳು ಅವನ ಎದೆಯ ಮೇಲೆ ಉದುರಿದವು. ಮುಕ್ಕಾಲು ಗಂಟೆಯಲ್ಲಿ ಎರಡೂ ಪಕ್ಕ ಕುಯ್ದು ಆಯಿತು, ತೆಂಗಿನಕಾಯಿ ಗಾತ್ರದ ಗಡ್ಡೆ ಕೈಗೆ ಬಂತು. ಅದನ್ನು ಮೇಜಿನ ಮೇಲಿನ ಇಕ್ಕಳದಂಥ ವೈಸಿಗೆ ಕಚ್ಚಿಸಿ, ಬೆಸುಗೆಗೆ ಅಡ್ಡಲಾಗಿ ಅರ್ಧದವರೆಗೆ ಗರಗಸ ಬಿಟ್ಟು, ಉಳಿದದ್ದನ್ನು ಸುತ್ತಿಗೆಯ ಒಂದು ಏಟಿನಿಂದ ತೆರೆದ. ತೆರೆಯಲು ಅಷ್ಟೇ ಸಾಕಾಯಿತು. ಗರಗಸ ತಾಗದೆ ಬಿರಿದು ತೆರೆದ ಮುಖದಲ್ಲಿ ಮುಕ್ಕಾಲು ಭಾಗ ಕಪ್ಪಗಿತ್ತು. ಬೆರಳಿಟ್ಟರೆ ಎಣ್ಣೆ ಅಂಟಿತು, ಎಣ್ಣೆಯಲ್ಲಿ ಕೆಂಪು ಧೂಳಿತ್ತು. ಅಂಚಿನಲ್ಲಿ ಉಗುರಿನಷ್ಟಗಲ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಆ ಮಧ್ಯಾಹ್ನದವರೆಗೆ ಕಾರನ್ನು ಹಿಡಿದುಕೊಂಡಿದ್ದದ್ದು ಅಷ್ಟೇ ಲೋಹ. ಆಶ್ಚರ್ಯವಾಗಬೇಕೆಂದು ಅವನು ಕಾದ. ಆಗಲಿಲ್ಲ.

ದೊಡ್ಡಮಲ್ಲಪ್ಪನವರಿಗೆ ಫೋನು ಮಾಡಿ ಹೇಳಿದ. ಅವರು ಎದ್ದು ಬಾಗಿಲು ಹಾಕಿದ ಸದ್ದು ಕೇಳಿತು. ಆಮೇಲೆ ತಗ್ಗಿದ ದನಿಯಲ್ಲಿ, “ಅದ ಗುಜರಿಗ ಹಾಕ್ಬುಡು. ನಿಂಗೂ ಒಳ್ಳೇದು, ನಂಗೂ ಒಳ್ಳೇದು. ಸೋಮನ್ಗ ನಾನು ಏನಾರ ಮಾಡ್ತೀನಿ, ಬುಡು” ಎಂದರು. ಬೆಸೆಯಲು ಒತ್ತಾಯ ಮಾಡಿದವರು ತಾವೇ ಎಂಬುದು ಅವರಿಗೆ ನೆನಪಿದೆ ಎಂದು ಪುಟ್ಟರಾಜುವಿಗೆ ಆಗ ತಿಳಿಯಿತು. ಜೊತೆಗಾರ ಸಿಕ್ಕಿದ್ದಕ್ಕೆ ಸಮಾಧಾನವಾಗಬೇಕಿತ್ತು. ಗಡ್ಡೆಯ ಎರಡು ಹೋಳನ್ನೂ ಹಳೇ ಟವೆಲಿನಲ್ಲಿ ಸುತ್ತಿ, ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು, ಹರವೆಗೆ ಹೊರಟ.

ಸೋಮಯ್ಯ ಹೋಳುಗಳನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದ. ಪುಟ್ಟರಾಜು ಕಪ್ಪು ಯಾವುದು ಬಿಳುಪು ಯಾವುದು ಎಂದು ತೋರಿಸಿ ಹೇಳಿದ. ಬ್ರಷ್ಷಿನ ವಿಷಯ ಹೇಳಿದ. ನೊರೆ ಕಂಡೂ ಮುಚ್ಚಿದ್ದನ್ನು ಹೇಳಿದ. ಹೇಳುವಾಗ ದನಿ ನಡುಗಬಹುದು ಎಂದುಕೊಂಡಿದ್ದ. ನಡುಗಲಿಲ್ಲ, ಗಿರಾಕಿಗೆ ರಿಪೇರಿ ವಿವರಿಸುವ ದನಿಯೇ ಬಂತು.

“ಅಂಗಾರ ನಾ ನಿದ್ದ ಮಾಡಿರ್ನಿಲ್ಲ” ಎಂದ ಸೋಮಯ್ಯ.

“ಇಲ್ಲ.”

“ಎಚ್ಚರವಾಗಿದ್ದೆ.”

“ಎಚ್ಚರವಾಗಿದ್ದೆ.”

ಸೋಮಯ್ಯ ಒಳಗೆ ಕರೆದ. “ಸುಂದ್ರಿ, ಬಾ ಇಲ್ಲಿ. ಅಣ್ಣ, ಇವ್ಳ್ಗೂ ಏಳಿ.” ಪುಟ್ಟರಾಜು ಅವಳಿಗೂ ಮೊದಲಿನಿಂದ ಹೇಳಿದ. ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು, ಅವರಿಗೂ ಹೇಳಬೇಕಾಯಿತು. ಕಾಲೇಜಿನಿಂದ ಬಂದ ಮೀನಾ ಬ್ಯಾಗು ಇಳಿಸದೆ ನಿಂತು ಕೇಳಿದಳು, ಅವಳಿಗೆ ಇನ್ನೊಂದು ಸಲ. ನಾಲ್ಕನೆಯ ಸಲಕ್ಕೆ ಬರುವ ಹೊತ್ತಿಗೆ ‘ಬ್ರಷ್ಷು ಎರಡು ಹೆಜ್ಜೆ ದೂರದಲ್ಲಿತ್ತು’ ಎಂಬ ಮಾತು ಅವನ ಬಾಯಲ್ಲಿ ಸವೆದು ನುಣ್ಣಗಾಗಿತ್ತು. ಯಾರೂ ಬೈಯಲಿಲ್ಲ. ಎಲ್ಲರೂ ಹೋದ ಮೇಲೆ ಸುಂದ್ರಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು.

“ಅವತ್ತೇ ಯಾಕ ಏಳ್ನಿಲ್ಲ?”

“ಕುಯ್ದು ನೋಡಿರ್ಲಿಲ್ಲ ಕಣವ್ವ.”

“ನಿಮ್ಗ ಕುಯ್ದು ನೋಡ್ಬೇಕಾಗಿತ್ತಾ?”

ಅವನು ಜೇಬಿನಿಂದ ಬೈಕಿನ ಕೀಲಿ ತೆಗೆದ. ಸೋಮಯ್ಯನೇ ಮಾತು ಮುಗಿಸಿದ: “ನಾಳ ಬೀಮ್ನಬೀಡ್ಗ ಓಗನ ಅಣ್ಣ. ಅವ್ರ ಮುಂದೂ ಒಂದ್ಸತಿ ಏಳ್ಬುಡಿ.”

ಮಾರನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಹೋದರು. ದೊಡ್ಡಮಲ್ಲಪ್ಪನವರ ಅಂಗಳದಲ್ಲಿ ಅರಿಸಿನ ಒಣಗುತ್ತಿತ್ತು, ಆರೇಳು ಹೆಂಗಸರು ಅದನ್ನು ಹರಡುತ್ತಿದ್ದರು. ಸೋಮಯ್ಯ ಊರುಗೋಲಿನ ಮೇಲೆ ಭಾರ ಹಾಕಿ ಅಂಗಳದಲ್ಲೇ ನಿಂತ. ಯಾರೂ ಅವನನ್ನು ಜಗಲಿಗೆ ಕರೆಯಲಿಲ್ಲ. “ನೀ ಮ್ಯಾಕ ಬಾ” ಎಂದರು ದೊಡ್ಡಮಲ್ಲಪ್ಪನವರು ಪುಟ್ಟರಾಜುವಿಗೆ. ಅವನು ಕೆಳಗೇ ನಿಂತು ಹೇಳಿದ, ಚಂದಕವಾಡಿಯ ಟೆಂಪೋದವರು ಸೋಮಯ್ಯನ ಫೋನು ಎತ್ತದಿರುವುದನ್ನೂ ಸೇರಿಸಿ. ಹೆಂಗಸರ ಕೈಗಳು ನಿಧಾನವಾದವು. ಮಧುಶ್ರೀಯ ಅವ್ವ ದೊಡ್ಡಮಲ್ಲಮ್ಮ ಬಾಗಿಲಿಗೆ ಬಂದು ನಿಂತು ಪೂರ್ತಿ ಕೇಳಿದರು. ಒತ್ತಾಯದ ಮಾತನ್ನು ಅವನು ಬಿಟ್ಟುಬಿಡಬಹುದಿತ್ತು, ಬಿಡಬೇಕೆಂದೇ ಬಂದಿದ್ದ. ಬಾಯಿಗೆ ಬಂದಾಗ ಅದನ್ನೂ ಹೇಳಿದ. ದೊಡ್ಡಮಲ್ಲಪ್ಪನವರು ಅವನನ್ನು ನೋಡಲಿಲ್ಲ, ಸೋಮಯ್ಯನನ್ನು ನೋಡಿದರು.

“ನೀನಾರ ಒಂದ್ ಮಾತು ಏಳ್ಬೇಕಿತ್ತಲ್ಲಾ ಸೋಮ, ಗಾಡಿ ಎಳೀತು ಅಂತ.”

“ಏಳಿದ್ದೆ ಯಜಮಾನ್ರೇ” ಎಂದ ಸೋಮಯ್ಯ.

ದೊಡ್ಡಮಲ್ಲಮ್ಮ ಗಂಡನ ಕಡೆಗೆ ನೋಡಿ, “ಚಂದಕವಾಡಿಯೋರ್ಗ ಈಗ್ಲೇ ಫೋನ್ ಮಾಡಿ ಏಳಿ, ನಾನೂ ಕೇಳುಸ್ಕತೀನಿ” ಎಂದು ಅಲ್ಲೇ ನಿಂತರು. ದೊಡ್ಡಮಲ್ಲಪ್ಪನವರು ಫೋನು ಮಾಡಿದರು. ಡ್ರೈವರ್ ತಪ್ಪಿಲ್ಲ, ಮೆಕ್ಯಾನಿಕ್ಕಿಂದು, ಪುಟ್ಟರಾಜು ಅಂತ, ಚಾಮರಾಜನಗರದವನು ಎಂದು ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದರು. ತಮ್ಮ ಹೆಸರನ್ನು ಹೇಳಲಿಲ್ಲ. ಆಮೇಲೆ, ಕಾರನ್ನು ನಾಳೆ ಮೈಸೂರಿಗೆ ಎಳೆಸುತ್ತೇನೆ, ನೀನು ಅದರ ಮೈಮುಟ್ಟಬೇಡ ಎಂದರು. ನಮ್ಮೋನು ಎಂಬ ಮಾತು ಬರಲಿಲ್ಲ. ಇನ್ನು ಮೇಲೆ ಯಾರೂ ಗಾಡಿ ತರಲಾರರು ಎಂದು ಪುಟ್ಟರಾಜುವಿಗೆ ಸ್ಪಷ್ಟವಾಗಿ ಹೊಳೆಯಿತು, ಸುಧಾಮಣಿ ಹೇಳಿದ್ದ ಹುಳುವಿನ ಔಷಧಿ ತಂದಿಲ್ಲವೆಂಬುದು ಹೊಳೆಯುವಷ್ಟೇ ಸಲೀಸಾಗಿ.

ವಾಪಸು ಬರುವಾಗ ಸೋಮಯ್ಯ ಡ್ರೈವರನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಕುಳಿತ. ಪುಟ್ಟರಾಜು ಎರಡು ಸಾಲು ಹಿಂದೆ ಕುಳಿತ. ತೆರಕಣಾಂಬಿ ದಾಟಿದ್ದು ಅವನಿಗೆ ಗೊತ್ತಿತ್ತು. ಅದರ ನಂತರ ಹೆಗಲು ಮುಟ್ಟಿ ಯಾರೋ ಅಲ್ಲಾಡಿಸಿದ್ದು ಗೊತ್ತಾಯಿತು. ಬಸ್ಸು ಹರವೆಯಲ್ಲಿ ನಿಂತಿತ್ತು. ಸೋಮಯ್ಯ ಊರುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಂತಿದ್ದ.

“ಮರ ತೋರ್ಸನ ಅಂತ ತಿರುಗ್ದೆ ಅಣ್ಣ. ನೀವು ನಿದ್ದೆಲಿದ್ರಿ.”

“ಇಲ್ಲ” ಎಂದ ಪುಟ್ಟರಾಜು, ಬಾಯಿ ಒರೆಸಿಕೊಳ್ಳುತ್ತ. “ಎಚ್ಚರವಾಗೇ ಇದ್ದೆ.”

ಸೋಮಯ್ಯ ಅವನ ಮುಖವನ್ನು ಒಂದು ಗಳಿಗೆ ನೋಡಿದ. “ಸರಿ ಕಣಣ್ಣ. ನೀವು ಅಂದ್ರಲ್ಲ” ಎಂದು ಮೆಟ್ಟಿಲ ಕಡೆಗೆ ಊರುಗೋಲು ಹಾಕಿದ.